ಎಕ್ಸ್‌ಪ್ರೆಸ್ ಜೊತೆ ಆರು ವರ್ಷ: ಮಿಡಲ್‌ವೇರ್ ಚೆನ್ನಾಗಿದೆ, ಸಾಲು ತಪ್ಪಬಾರದು ಅಷ್ಟೇ

ಕಲಬುರಗಿಯ ಎರಡು ದಾಲ್ ಮಿಲ್‌ಗಳಿಗೆ ತೊಗರಿ ಖರೀದಿ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಸರ್ವರ್‌ನಲ್ಲಿ ಓಡುವುದು ನೋಡ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ತಂತ್ರಾಂಶ) ಮತ್ತು ಅದರ ಮೇಲೆ ವೆಬ್ ಸರ್ವರ್ ಬರೆಯಲು ಬಳಸುವ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್. 2019ರಿಂದ ಅದೇ. ಬಿಟ್ಟುಬಿಡೋಣ ಅಂತ ಮೂರು ಸಲ ಅನ್ನಿಸಿತ್ತು, ಬಿಡಲಿಲ್ಲ. ಕಾರಣ ಅದರ ಮಿಡಲ್‌ವೇರ್.

ಮಿಡಲ್‌ವೇರ್ ಅಂದರೇನು ಅಂತ ಮಿಲ್‌ನಲ್ಲೇ ನೋಡಬಹುದು. ತೊಗರಿ ನೇರವಾಗಿ ಒಡೆಯುವ ಯಂತ್ರಕ್ಕೆ ಹೋಗುವುದಿಲ್ಲ. ಮೊದಲು ಜರಡಿ, ಕಲ್ಲು ತೆಗೆಯುವುದು, ಎಣ್ಣೆ ಸವರಿ ಒಣಗಿಸುವುದು, ಆಮೇಲೆ ಒಡೆಯುವುದು. ಇಲ್ಲೂ ಬ್ರೌಸರ್ ಕಳಿಸಿದ ರಿಕ್ವೆಸ್ಟ್ ಒಂದೊಂದೇ ಫಂಕ್ಷನ್ ದಾಟಿ ಬರುತ್ತದೆ, ಆ ಫಂಕ್ಷನ್‌ಗಳೇ ಮಿಡಲ್‌ವೇರ್. ಒಂದು ಲಾಗ್ ಬರೆಯುತ್ತದೆ, ಒಂದು ಜೇಸನ್ ಎಂಬ ಪಠ್ಯರೂಪದಲ್ಲಿ ಬಂದ ಡೇಟಾ ಬಿಡಿಸುತ್ತದೆ, ಇನ್ನೊಂದು ಲಾಗಿನ್ ನೋಡುತ್ತದೆ. ಪ್ರತಿಯೊಂದೂ ತಾನೇ ಉತ್ತರ ಕೊಟ್ಟು ಮುಗಿಸಬೇಕು, ಇಲ್ಲವೇ 'ನೆಕ್ಸ್ಟ್' ಕರೆದು ಮುಂದಕ್ಕೆ ಕಳಿಸಬೇಕು. ಎರಡನ್ನೂ ಮರೆತರೆ ಎರರ್ ಕೂಡ ಬರುವುದಿಲ್ಲ, ಪೇಜ್ ಸುಮ್ನೆ ತಿರುಗುತ್ತಾ ಇರುತ್ತದೆ. ಮೊದಲ ವಾರ ಅರ್ಧ ದಿನ ನೆಟ್‌ಗೆ ಬೈದೆ. ಆಮೇಲೆ ನೋಡಿದರೆ ಒಂದು ಇಫ್ ಒಳಗೆ ನಾನೇ ನೆಕ್ಸ್ಟ್ ಬರೆದಿರಲಿಲ್ಲ!

ಸಾಲು ತಪ್ಪಿದ್ದು ಇನ್ನೂ ದುಬಾರಿ. ಮಿಡಲ್‌ವೇರ್ ಬರೆದ ಕ್ರಮದಲ್ಲೇ ಓಡುತ್ತದೆ, ನಾನು ವರದಿಯ ರೂಟನ್ನು (ಆ ಪೇಜ್‌ನ ವಿಳಾಸಕ್ಕೆ ಉತ್ತರ ಕೊಡುವ ಕೋಡ್) ಲಾಗಿನ್ ತಪಾಸಣೆಗಿಂತ ಮೇಲೆ ಬರೆದಿದ್ದೆ. ಮಾಲೀಕರ ಮಗ ಫೋನ್ ತೋರಿಸಿ "ಅಣ್ಣಾರ, ಪಾಸ್‌ವರ್ಡೇ ಕೇಳವಲ್ದಲ್ರಿ" ಅಂದಾಗ ಬೆವರಿಳಿಯಿತು. ಅದೂ ಏಪ್ರಿಲ್ ಬಿಸಿಲಲ್ಲಿ.

ಜೇಸನ್ ಮಿಡಲ್‌ವೇರ್‌ಗೆ ನಾವಾಗಿ ಮಿತಿ ಹೇಳದಿದ್ದರೆ 100 ಕೆಬಿ ಮಾತ್ರ ಒಳಗೆ ಬಿಡುತ್ತದೆ. ಕಾಟಾ ಚೀಟಿಯ ಫೋಟೋವನ್ನು ಜೇಸನ್‌ನಲ್ಲಿ ತುರುಕಿ ಕಳಿಸುತ್ತಿದ್ದೆ, ಗಾತ್ರ ಹೆಚ್ಚಾಯಿತು ಎನ್ನುವ 413 ಎರರ್ ಬರುತ್ತಿತ್ತು. ಮಿತಿ ಏರಿಸಿದರೆ ಸಾಕಿತ್ತು, ಆದರೆ ಫೋಟೋಗೆ ಬೇರೆ ಅಪ್‌ಲೋಡ್ ಮಾಡಿದ್ದೇ ಒಳ್ಳೆಯದಾಯಿತು.

ಎರರ್ ಹಿಡಿಯುವ ಮಿಡಲ್‌ವೇರ್‌ದು ಒಂದು ವಿಚಿತ್ರ ನಿಯಮ. ಅದಕ್ಕೆ ನಾಲ್ಕು ಆರ್ಗ್ಯುಮೆಂಟ್ (ಫಂಕ್ಷನ್ ಒಳಗೆ ತೆಗೆದುಕೊಳ್ಳುವ ಮೌಲ್ಯಗಳು) ಇರಲೇಬೇಕು. ಬಳಸದ ನೆಕ್ಸ್ಟ್ ಯಾಕೆ ಅಂತ ಒಂದನ್ನು ತೆಗೆದೆ. ಅಲ್ಲಿಗೆ ಅದು ಮಾಮೂಲಿ ಮಿಡಲ್‌ವೇರ್ ಆಗಿಬಿಟ್ಟಿತು, ಎರರ್ ಅದರ ಹತ್ತಿರ ಬರಲೇ ಇಲ್ಲ. ಎಣಿಸಿ ನೋಡುವ ಈ ಪದ್ಧತಿ ನನಗೆ ಇವತ್ತಿಗೂ ಇಷ್ಟವಿಲ್ಲ.

2024ರಲ್ಲಿ ಎಕ್ಸ್‌ಪ್ರೆಸ್‌ನ 5ನೇ ಆವೃತ್ತಿ ಬಂತು. ಅಸಿಂಕ್ ಫಂಕ್ಷನ್‌ನಲ್ಲಿ (ಡೇಟಾಬೇಸ್‌ನಂಥದಕ್ಕೆ ಕಾದು ಆಮೇಲೆ ಮುಗಿಯುವ ಫಂಕ್ಷನ್) ಎಡವಟ್ಟಾದರೆ ಈಗ ತಾನಾಗಿಯೇ ಎರರ್ ಮಿಡಲ್‌ವೇರ್‌ಗೆ ಹೋಗುತ್ತದೆ. ಮೊದಲು ಎಲ್ಲ ಕಡೆ ಎರರ್ ಹಿಡಿಯುವ ಟ್ರೈ-ಕ್ಯಾಚ್ ಕೋಡ್ ಹಾಕಬೇಕಿತ್ತು. ಒಂದು ಕಡೆ ಬಿಟ್ಟರೂ ನೋಡ್ 15ರಿಂದ ಈಚೆಗೆ ಇಡೀ ಸರ್ವರ್ ಕೂತುಬಿಡುತ್ತಿತ್ತು, ಸುಗ್ಗಿಯಲ್ಲಿ ಗಾಡಿಗಳು ಕಾಟಾ ಮುಂದೆ ನಿಂತಿರುವಾಗಲೇ. 5ಕ್ಕೆ ಬದಲಾಯಿಸಲು ಒಂದು ಸಂಜೆ ಸಾಕಾಯಿತು, ಯಾವ ವಿಳಾಸವಾದರೂ ಸರಿ ಎನ್ನುವ ನಕ್ಷತ್ರ ಚಿಹ್ನೆಯ (*) ರೂಟ್‌ಗಳನ್ನು ಮಾತ್ರ ಹೊಸದಾಗಿ ಬರೆಯಬೇಕಾಯಿತು.

ಐದಕ್ಕೆ ನಾಲ್ಕು ಸ್ಟಾರ್. ನೆಕ್ಸ್ಟ್ ಮರೆತಾಗ ಒಂದು ಮಾತಾದರೂ ಹೇಳಿದ್ದರೆ ಐದನೆಯದೂ ಕೊಡುತ್ತಿದ್ದೆ.