ಫುಜಿಕುರಾ 90ಎಸ್ ಪ್ಲಸ್: ಹೊರಾಂಗಣ ಫೈಬರ್ ಕೆಲಸಕ್ಕೆ ಒಂದು ಸ್ಪ್ಲೈಸಿಂಗ್ ಯಂತ್ರ

ಬೆಳಕು ಸಾಗಿಸುವ ಗಾಜಿನ ಎಳೆಗಳನ್ನು, ಅಂದರೆ ಆಪ್ಟಿಕಲ್ ಫೈಬರ್‌ಗಳನ್ನು, ಬೆಸೆದು ಜೋಡಿಸುವ ಯಂತ್ರ ಕೊಳ್ಳಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಕೋರ್ ಅಲೈನ್‌ಮೆಂಟ್ ಬೇಕೋ, ಕ್ಲಾಡಿಂಗ್ ಅಲೈನ್‌ಮೆಂಟ್ ಸಾಕೋ ಎಂಬುದನ್ನು. ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕು ಸಾಗುವ ಕೋರ್‌ನ ವ್ಯಾಸ ಸುಮಾರು 9 ಮೈಕ್ರಾನ್. ಅದನ್ನು ಸುತ್ತುವರಿದ ಗಾಜು, ಅಂದರೆ ಕ್ಲಾಡಿಂಗ್, 125 ಮೈಕ್ರಾನ್. ಕ್ಲಾಡಿಂಗ್ ಯಂತ್ರ ಹೊರಗಾಜಿನ ಅಂಚು ನೋಡಿ ಎರಡು ತುದಿಗಳನ್ನು ಎದುರುಬದುರು ನಿಲ್ಲಿಸುತ್ತದೆ. ಕೋರ್ ಗಾಜಿನ ನಟ್ಟನಡುವೆ ಇಲ್ಲದಿದ್ದರೆ ಅಥವಾ ಎಳೆ ಕೂರುವ ವಿ-ಗ್ರೂವ್‌ನಲ್ಲಿ ಒಂದು ಧೂಳಿನ ಕಣ ಕುಳಿತಿದ್ದರೆ ಆ ಲೆಕ್ಕ ತಪ್ಪುತ್ತದೆ. ಫುಜಿಕುರಾ 90ಎಸ್ ಪ್ಲಸ್ ಕೋರ್ ಅನ್ನೇ ಎರಡು ದಿಕ್ಕುಗಳಿಂದ ಕ್ಯಾಮೆರಾದಲ್ಲಿ ನೋಡಿ ಹೊಂದಿಸುವ ಯಂತ್ರ. ಹಳೆಯ ಕೇಬಲ್‌ಗೆ ಹೊಸ ಕೇಬಲ್ ಸೇರಿಸಬೇಕಾಗುವ, ಧೂಳನ್ನು ಪೂರ್ತಿ ತಪ್ಪಿಸಲಾಗದ ಹೊರಾಂಗಣದಲ್ಲಿ ಈ ವ್ಯತ್ಯಾಸಕ್ಕೆ ನಿಜವಾದ ಬೆಲೆಯಿದೆ.

ಸಿಂಗಲ್ ಮೋಡ್ ಜಾಯಿಂಟ್‌ಗೆ ಸರಾಸರಿ 0.02 ಡೆಸಿಬೆಲ್ ನಷ್ಟ ಎಂದು ತಯಾರಕರು ಹೇಳುತ್ತಾರೆ. ಒಂದೇ ಬಗೆಯ ಫೈಬರ್ ಇದ್ದು, ತುದಿಗಳು ಸರಿಯಾಗಿ ಕತ್ತರಿಸಿದ್ದರೆ ಇದು ಸಾಧ್ಯವಾಗುವ ಅಂಕಿಯೇ. ತುದಿಯ ಮುಖ ಸ್ವಲ್ಪ ಓರೆಯಾಗಿದ್ದರೂ ಅದಕ್ಕೆ ತಕ್ಕಂತೆ ಆರ್ಕ್ ಅನ್ನು (ಗಾಜು ಕರಗಿಸಿ ಬೆಸೆಯುವ ವಿದ್ಯುತ್ ಕಿಡಿ) ತಿದ್ದಿಕೊಳ್ಳುವ ವ್ಯವಸ್ಥೆ ಇದರಲ್ಲಿದೆ. ಈ ಸರಣಿಯ ಅತ್ಯುತ್ತಮ ಗುಣ ಇದೇ ಎಂದು ನನ್ನ ಅಭಿಪ್ರಾಯ. ಆದರೆ ಪರದೆಯ ಮೇಲೆ ಬರುವ ಸಂಖ್ಯೆ ಚಿತ್ರ ನೋಡಿ ಮಾಡಿದ ಅಂದಾಜು ಎಂಬುದನ್ನು ಯಾವ ಕಂಪನಿಯ ಯಂತ್ರ ಬಳಸುವವರೂ ಮರೆಯಬಾರದು. ನಿಜವಾದ ಅಳತೆ ಸಿಗುವುದು ಒಟಿಡಿಆರ್‌ನಿಂದ (ಫೈಬರ್‌ನೊಳಗೆ ಬೆಳಕು ಕಳಿಸಿ, ಮರಳಿ ಬರುವ ಬೆಳಕಿನಿಂದ ನಷ್ಟ ಅಳೆಯುವ ಉಪಕರಣ), ಅದೂ ಎರಡೂ ತುದಿಗಳಿಂದ ಅಳೆದು ಸರಾಸರಿ ತೆಗೆದಾಗ. ಎರಡು ಫೈಬರ್‌ಗಳ ಮೋಡ್ ಫೀಲ್ಡ್ ವ್ಯಾಸ (ಒಳಗೆ ಬೆಳಕು ಹರಡಿಕೊಳ್ಳುವ ಅಗಲ) ಬೇರೆಯಾಗಿದ್ದರೆ ಒಂದು ಕಡೆಯಿಂದ ನೋಡಿದಾಗ ಜಾಯಿಂಟ್‌ನಲ್ಲಿ ಬೆಳಕು ಹೆಚ್ಚಿದಂತೆ ಕಾಣುತ್ತದೆ, ಇನ್ನೊಂದು ಕಡೆಯಿಂದ ನಷ್ಟ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಒಂದೇ ಕಡೆಯ ಅಳತೆ ನಂಬಿ ಒಳ್ಳೆಯ ಜಾಯಿಂಟ್ ಅನ್ನು ಕತ್ತರಿಸಿ ಹಾಕುವುದು ಇದರಿಂದಲೇ.

ಯಂತ್ರದಷ್ಟೇ ಗಮನ ಎಳೆಯ ತುದಿ ಕತ್ತರಿಸುವ ಕ್ಲೀವರ್‌ಗೂ ಸಲ್ಲಬೇಕು. ತುದಿಯ ಕೋನ ಒಂದು ಡಿಗ್ರಿಗಿಂತ ಸಾಕಷ್ಟು ಕಡಿಮೆ ಇರಬೇಕು. ಬ್ಲೇಡ್ ಸವೆದರೆ ಎಷ್ಟು ದುಬಾರಿ ಯಂತ್ರವೂ ಕೈಚೆಲ್ಲುತ್ತದೆ. ಇದರ ಜೊತೆಗೆ ಬಳಸುವ ಸಿಟಿ50 ಕ್ಲೀವರ್ ಬ್ಲೂಟೂತ್ ಮೂಲಕ ಯಂತ್ರದೊಂದಿಗೆ ಮಾತನಾಡುತ್ತದೆ. ತುದಿಗಳು ಕೆಡತೊಡಗಿದ್ದನ್ನು ಯಂತ್ರ ಕಂಡಾಗ ಬ್ಲೇಡ್ ತಾನೇ ತಿರುಗಿ ಹೊಸ ಅಂಚನ್ನು ಒಡ್ಡುತ್ತದೆ. ಇದನ್ನು ಅಲಂಕಾರದ ಸೌಲಭ್ಯವೆಂದು ತಳ್ಳಿಹಾಕಲಾರೆ. ದಿನದ ಕೊನೆಯಲ್ಲಿ, ಕಣ್ಣು ದಣಿದಿರುವ ಹೊತ್ತಿನಲ್ಲಿ, ಬ್ಲೇಡ್ ಬದಲಿಸುವ ನಿರ್ಧಾರವನ್ನು ನಾಳೆಗೆ ಮುಂದೂಡುವುದು ಮನುಷ್ಯ ಸಹಜ.

ಇಷ್ಟಾದರೂ ಹೊರಾಂಗಣ ಜಾಯಿಂಟ್‌ನ ಆಯುಸ್ಸು ನಿರ್ಧಾರವಾಗುವುದು ಹೆಚ್ಚಾಗಿ ಯಂತ್ರದ ಮುಚ್ಚಳ ತೆರೆಯುವ ಮುಂಚೆ ಮತ್ತು ಮುಚ್ಚಿದ ಮೇಲೆ. ಆರ್ಮರ್ಡ್ ಕೇಬಲ್‌ನ ಹೊರಕವಚ, ಅದರ ಕೆಳಗಿನ ಸುಕ್ಕುಗಟ್ಟಿದ ಉಕ್ಕಿನ ಪಟ್ಟಿ, ಒಳಕವಚ, ನೀರು ತಡೆಯುವ ದಾರ, ನಡುವಿನ ಸ್ಟ್ರೆಂತ್ ಮೆಂಬರ್ (ಎಳೆತ ತಾಳುವ ಗಟ್ಟಿ ಕಡ್ಡಿ), ಕೊನೆಗೆ ಎಳೆಗಳನ್ನು ಹೊತ್ತ ಲೂಸ್ ಟ್ಯೂಬ್ ಹೀಗೆ ಒಂದೊಂದೇ ಪದರವನ್ನು ಅದಕ್ಕೆಂದೇ ಇರುವ ಕಟ್ಟರ್‌ನಿಂದ ತೆಗೆಯಬೇಕು. ಟ್ಯೂಬ್‌ಗೆ ಸುತ್ತ ಗೆರೆ ಹಾಕಿ ಮುರಿಯುವಾಗ ಬ್ಲೇಡ್ ಸ್ವಲ್ಪ ಆಳಕ್ಕಿಳಿದರೂ ಫೈಬರ್‌ನ ಕೋಟಿಂಗ್ ಗಾಯಗೊಳ್ಳುತ್ತದೆ, ಆ ಗಾಯ ಅಂದು ಕಾಣದೆ ತಿಂಗಳುಗಳ ನಂತರ ಎಳೆ ತುಂಡಾಗಿ ಕಾಣುತ್ತದೆ. ಜೆಲ್ಲಿ ತುಂಬಿದ ಟ್ಯೂಬ್ ಆಗಿದ್ದರೆ ಪ್ರತಿ ಎಳೆಯನ್ನೂ ಜೆಲ್ಲಿ ಕರಗಿಸುವ ದ್ರಾವಣದಿಂದ ಒರೆಸಿ, ಕೋಟಿಂಗ್ ತೆಗೆದ ಮೇಲೆ ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಮತ್ತೆ ಒರೆಸಬೇಕು. ಒರೆಸುವುದು ಯಾವಾಗಲೂ ಕತ್ತರಿಸುವ ಮುಂಚೆ. ಕ್ಲೀವ್ ಆದ ತುದಿಯನ್ನು ಮುಟ್ಟಲೇಬಾರದು. ಜೆಲ್ಲಿಯ ತೆಳು ಲೇಪ ಉಳಿದರೆ ಅದು ಕ್ಲೀವರ್‌ನ ಪ್ಯಾಡ್‌ಗೂ ಯಂತ್ರದ ಗ್ರೂವ್‌ಗೂ ಅಂಟಿಕೊಂಡು ಮುಂದಿನ ಎಲ್ಲ ಜಾಯಿಂಟ್‌ಗಳನ್ನೂ ಕೆಡಿಸುತ್ತದೆ. 90ಎಸ್ ಪ್ಲಸ್‌ನ ಪರದೆ ತುದಿಯ ಕೊಳೆಯನ್ನು ಗುರುತಿಸಿ ಎಚ್ಚರಿಸುತ್ತದೆ, ಆರ್ಕ್‌ಗೆ ಮೊದಲು ಚಿಕ್ಕ ವಿದ್ಯುತ್ ಕಿಡಿಯಿಂದ ತುದಿಯನ್ನು ಸ್ವಚ್ಛಗೊಳಿಸುತ್ತದೆ. ಜೆಲ್ಲಿಯನ್ನು ಒರೆಸಿ ತೆಗೆಯುವ ಕೆಲಸ ಮಾತ್ರ ಕೈಯದ್ದೇ.

ಗಾಳಿ ಬೀಸುವ ಕಡೆ ಕೆಲಸ ಮಾಡಲು ಇದರ ವಿಂಡ್ ಕವರ್ ಚೆನ್ನಾಗಿದೆ. ಆರ್ಕ್ ಹೊಮ್ಮಿಸುವ ಎಲೆಕ್ಟ್ರೋಡ್‌ಗಳು ಸುಮಾರು 5,000 ಜಾಯಿಂಟ್‌ಗಳಿಗೆ ಬರುತ್ತವೆ ಎಂಬುದು ಕಂಪನಿಯ ಮಾತು. ಬ್ಯಾಟರಿ ಒಂದು ದೊಡ್ಡ ಕ್ಲೋಷರ್‌ನ (ಜಾಯಿಂಟ್‌ಗಳನ್ನು ಟ್ರೇಗಳಲ್ಲಿ ಇಟ್ಟು ಮುಚ್ಚುವ ಪೆಟ್ಟಿಗೆ) ಕೆಲಸವನ್ನು ಧಾರಾಳವಾಗಿ ಮುಗಿಸುತ್ತದೆ. ಹೀಟರ್ ಜಾಯಿಂಟ್‌ಗೆ ರಕ್ಷಣೆಯಾಗಿ ತೊಡಿಸಿದ ಸ್ಲೀವ್ ಅನ್ನು ಬೇಗ ಕುಗ್ಗಿಸುತ್ತದೆ, ಆದರೆ ಬಿಸಿಯಾಗಿರುವಾಗಲೇ ಎತ್ತಿ ಟ್ರೇಗೆ ಒತ್ತುವ ಆತುರ ಸಲ್ಲದು: ಒಳಗಿನ ಅಂಟು ಗಟ್ಟಿಯಾಗುವ ಮುಂಚೆ ಬಾಗಿದರೆ ಫೈಬರ್ ಆ ಬಾಗಿನಲ್ಲೇ ಉಳಿದುಬಿಡುತ್ತದೆ.

ಟ್ರೇಯಲ್ಲಿ ಸುರುಳಿ ಸುತ್ತುವಾಗ ಸಾಮಾನ್ಯ ಸಿಂಗಲ್ ಮೋಡ್ ಫೈಬರ್‌ಗೆ (ಜಿ.652) 30 ಮಿಲಿಮೀಟರ್ ತ್ರಿಜ್ಯವನ್ನು ಕಾಯ್ದುಕೊಳ್ಳಬೇಕು. ಬಾಗಿನ ದೋಷ 1310 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಷ್ಟಾಗಿ ಕಾಣದೆ 1550ರಲ್ಲಿ ಎದ್ದು ಕಾಣುವುದರಿಂದ ಎರಡರಲ್ಲೂ ಪರೀಕ್ಷಿಸುವುದು ಅಗತ್ಯ. ಎರಡರಲ್ಲೂ ನಷ್ಟ ಹೆಚ್ಚುಕಡಿಮೆ ಒಂದೇ ಇದ್ದರೆ ತಪ್ಪು ಜಾಯಿಂಟ್‌ನದ್ದು, 1550ರಲ್ಲಿ ಮಾತ್ರ ಏರಿದರೆ ಟ್ರೇ ತೆರೆದು ನೋಡಬೇಕು. ಸ್ಟ್ರೆಂತ್ ಮೆಂಬರ್ ಅನ್ನು ಕ್ಲೋಷರ್‌ನೊಳಗೆ ಸರಿಯಾಗಿ ಬಿಗಿಯದಿದ್ದರೆ ಬಿಸಿಲು ಚಳಿಗೆ ಕೇಬಲ್ ಹಿಗ್ಗಿ ಕುಗ್ಗುವಾಗ ಟ್ಯೂಬ್‌ಗಳು ಸರಿದು ಟ್ರೇಯ ಎಳೆಗಳನ್ನು ಎಳೆಯುತ್ತವೆ. ಲೋಹದ ಆರ್ಮರ್‌ಗೆ ಅರ್ಥಿಂಗ್ ಬೇಕು. ಸೀಲ್ ಹಾಕುವ ಜಾಗದಲ್ಲಿ ಕವಚವನ್ನು ಉಜ್ಜಿ ಒರಟಾಗಿಸಿ ಒರೆಸದಿದ್ದರೆ ನೀರು ದಾರಿ ಹುಡುಕಿಕೊಳ್ಳುತ್ತದೆ.

ಕೇಬಲ್‌ನ ಕೊನೆಯಲ್ಲಿ ಕನೆಕ್ಟರ್ ಹಾಕುವ ಕೆಲಸಕ್ಕೂ ನನ್ನ ಆಯ್ಕೆ ಇದೇ ಯಂತ್ರ: ಕಾರ್ಖಾನೆಯಲ್ಲಿ ಪಾಲಿಶ್ ಆದ ಪಿಗ್‌ಟೇಲ್ ಅನ್ನು (ಒಂದು ತುದಿಗೆ ಕನೆಕ್ಟರ್ ಇರುವ ಚಿಕ್ಕ ಫೈಬರ್) ಕೇಬಲ್‌ನ ಎಳೆಗೆ ಬೆಸೆಯುವುದು. ಸ್ಥಳದಲ್ಲೇ ಕೂರಿಸುವ ಮೆಕ್ಯಾನಿಕಲ್ ಕನೆಕ್ಟರ್‌ಗಳಲ್ಲಿ ಎರಡು ತುದಿಗಳ ನಡುವೆ ಒಂದು ಜೆಲ್ ಇರುತ್ತದೆ, ಬೆಸುಗೆ ಇರುವುದಿಲ್ಲ. ತಾತ್ಕಾಲಿಕ ದುರಸ್ತಿಗೆ ಅವು ಬಹಳ ಉಪಯುಕ್ತ, ಆದರೆ ಉಷ್ಣತೆ ಏರಿಳಿಯುವ ಹೊರಗಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇರಬೇಕಾದ ಕಡೆ ಅವುಗಳನ್ನು ಶಿಫಾರಸು ಮಾಡಲಾರೆ. ಹೊರಾಂಗಣ ಕೇಬಲ್‌ನ 250 ಮೈಕ್ರಾನ್ ಎಳೆಗೆ ನೇರವಾಗಿ ಕನೆಕ್ಟರ್ ಹಾಕುವುದಾದರೆ ಎಳೆಗಳನ್ನು ಬೇರ್ಪಡಿಸಿ ಕಾಯುವ ಫ್ಯಾನ್-ಔಟ್ ಟ್ಯೂಬ್ ಕಡ್ಡಾಯ. ಪಿಗ್‌ಟೇಲ್ ಆರಿಸುವಾಗ ಓರೆ ಮುಖದ ಹಸಿರು ಎಪಿಸಿ ಕನೆಕ್ಟರ್ ಅನ್ನು ನೇರ ಮುಖದ ನೀಲಿ ಯುಪಿಸಿಗೆ ಸೇರಿಸದಂತೆ ಮೊದಲೇ ಪಟ್ಟಿ ಮಾಡಿಕೊಳ್ಳಿ. 8 ಡಿಗ್ರಿ ಓರೆಯ ಮುಖಕ್ಕೆ ನೇರ ಮುಖ ಎಂದೂ ಕೂಡುವುದಿಲ್ಲ.

ಮನೆಗಳಿಗೆ ಚಿಕ್ಕ ಡ್ರಾಪ್ ಕೇಬಲ್ ಮಾತ್ರ ಜೋಡಿಸುವವರಿಗೆ ಈ ಯಂತ್ರ ಅಗತ್ಯಕ್ಕಿಂತ ಹೆಚ್ಚಿನದು, ಅವರು ಉಳಿಸಿದ ಹಣವನ್ನು ಒಳ್ಳೆಯ ಕ್ಲೀವರ್ ಮತ್ತು ಪರೀಕ್ಷಾ ಉಪಕರಣಕ್ಕೆ ಹಾಕುವುದು ಮೇಲು. ದೂರದ ಮಾರ್ಗಗಳಲ್ಲಿ, ಹೆಚ್ಚು ಎಳೆಗಳ ಕೇಬಲ್‌ಗಳಲ್ಲಿ, ಬೇರೆ ಬೇರೆ ಕಾಲದ ಫೈಬರ್‌ಗಳನ್ನು ಸೇರಿಸುವ ದುರಸ್ತಿಯಲ್ಲಿ ದಿನವೂ ದುಡಿಯುವ ತಂಡಕ್ಕೆ ಇದನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಕೊಳ್ಳುವಾಗ ಹೆಚ್ಚುವರಿ ಎಲೆಕ್ಟ್ರೋಡ್ ಜೋಡಿಯನ್ನು ಸೇರಿಸಿಕೊಳ್ಳಿ, ಎತ್ತರವೋ ಹವೆಯೋ ಬಹಳ ಬದಲಾದ ಸ್ಥಳಕ್ಕೆ ಹೋದಾಗಲೆಲ್ಲ ಮೊದಲ ಜಾಯಿಂಟ್‌ಗೆ ಮುಂಚೆ ಆರ್ಕ್ ಕ್ಯಾಲಿಬ್ರೇಷನ್ (ಕಿಡಿಯ ಶಕ್ತಿಯನ್ನು ಆ ಸ್ಥಳಕ್ಕೆ ಹೊಂದಿಸುವುದು) ಮಾಡಿ.