ಕರೆಂಟ್ ಹೋದಾಗ ಮೀನಿಗೆ ಗಾಳಿ: ಸೆಲ್ ಪಂಪೋ, ಇನ್ವರ್ಟರೋ, ಚಾರ್ಜಿಂಗ್ ಪಂಪೋ?

ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಓಟು ಚಾರ್ಜಿಂಗ್ ಏರ್ ಪಂಪ್‌ಗೆ. ಅದರ ಸ್ವಿಚ್ಚನ್ನು ಆಟೋ ಮೋಡ್‌ಗೆ ಹಾಕಿ ಪ್ಲಗ್‌ನಲ್ಲೇ ಬಿಟ್ಟರೆ ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುತ್ತದೆ. ಹುಬ್ಬಳ್ಳಿಯಲ್ಲಿ ಏಪ್ರಿಲ್-ಮೇ ಗಾಳಿಮಳೆಗೆ ಕರೆಂಟ್ ಹೋಗುವಾಗ ನಾವು ಮನೆಯಲ್ಲೇ ಇರ್ತೀವಿ ಅಂತೇನಿಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ನಮ್ಮದು ಗೋಲ್ಡ್‌ಫಿಶ್, ಅವಕ್ಕೆ ಗಾಳಿ ಜಾಸ್ತಿನೇ ಬೇಕು. ಬೆಟ್ಟಾ, ಗೌರಾಮಿ ಸಾಕಿದವರಿಗೆ ಇಷ್ಟು ತಲೆಬಿಸಿ ಇಲ್ಲ, ಅವು ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತವೆ.

ಸೆಲ್ ಪಂಪ್ ಅಗ್ಗ. ಆದರೆ ನಮ್ಮದನ್ನು ಯಾರಾದರೂ ಬಂದು ಚಾಲೂ ಮಾಡಬೇಕು. ಬಳಸದೆ ಇಟ್ಟರೆ ಸೆಲ್ ಸೋರುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಏರ್ ಪಂಪಿನ 3-5 ವ್ಯಾಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೀಟರ್ ಮಾತ್ರ ಹಾಕಬೇಡಿ, ಬ್ಯಾಟರಿ ಬೇಗ ಇಳಿಯುತ್ತದೆ. ನಮ್ಮಲ್ಲಿ ಇನ್ವರ್ಟರ್ ಲೈನ್ ಫ್ಯಾನು, ಲೈಟಿಗಷ್ಟೇ. ಅಲ್ಲಿಂದ ಎಕ್ಸ್‌ಟೆನ್ಶನ್ ಎಳೆದರೆ ಕಾಲಿಗೆ ತೊಡರುತ್ತದೆ. ಇನ್ನೊಂದು ಮಾತು: ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿಯನ್ನು ಲೈನಿನಲ್ಲಿ ಇನ್ವರ್ಟರ್‌ಗಿಂತ ಹಿಂದೆ, ಮೀಟರ್ ಕಡೆಗೆ ಕೂರಿಸಿದ್ದರೆ, ಬ್ಯಾಟರಿ ಮೇಲೆ ನಡೆಯುವಾಗ ಅದನ್ನು ನಂಬಿ ನೀರಿಗೆ ಕೈ ಹಾಕುವಂತಿಲ್ಲ.

ಚಾರ್ಜಿಂಗ್ ಪಂಪಿನದೂ ಒಂದು ಕಿರಿಕಿರಿ ಇದೆ. ಕರೆಂಟ್ ಹೋಯಿತೋ, ಯಾರಾದರೂ ಸ್ವಿಚ್ ಆರಿಸಿದರೋ, ಅದಕ್ಕೆ ತಿಳಿಯುವುದಿಲ್ಲ. ನಮ್ಮ ಅವ್ವನಿಗೆ ಮಲಗುವ ಮುಂಚೆ ಮನೆಯ ಸ್ವಿಚ್ಚೆಲ್ಲ ಆರಿಸಿ ಬರುವ ರೂಢಿ. ರಾತ್ರಿಯಿಡೀ ಪಂಪ್ ಓಡಿ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಮುಂದೆ ನಿಜವಾಗಿ ಕರೆಂಟ್ ಹೋದಾಗ ಒಂದು ಗುಳ್ಳೆಯೂ ಏಳಲಿಲ್ಲ.

"ಅವ್ವಾ, ಅದೊಂದು ಬಂದ್ ಮಾಡಬ್ಯಾಡ" ಅಂದೆ. "ಬಂದ್ ಮಾಡಿದ್ರ ಗುಂಯ್ ಅಂತೈತಿ, ಚಾಲೂ ಇದ್ರ ಸುಮ್ಮನಿರತೈತಿ. ಎಂಥಾ ಮಶಿನ್ನೋ ಇದು!" ಅಂದಳು. ಮಾತು ಸುಳ್ಳಲ್ಲ. ಸ್ವಿಚ್ಚಿಗೆ ಟೇಪ್ ಹಚ್ಚಿದೆ, ಜಿಡ್ಡಾಗಿದೆ ಅಂತ ಕಿತ್ತು ಒರೆಸಿಟ್ಟಳು. ಈಗ ಪ್ಲಗ್ಗನ್ನೇ ಕಪಾಟಿನ ಪಕ್ಕದ ಬೋರ್ಡಿಗೆ ಬದಲಿಸಿದ್ದೇನೆ. ಅಲ್ಲಿಗೆ ಅವಳ ಕೈ ಎಟುಕುವುದಿಲ್ಲ.

ಪಂಪ್ ಯಾವುದೇ ಇರಲಿ, ಗಾಳಿ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ನೀರಿನ ಮಟ್ಟಕ್ಕಿಂತ ಕೆಳಗಿಟ್ಟ ಪಂಪ್ ನಿಂತರೆ ನೀರು ಪೈಪಿನಲ್ಲಿ ವಾಪಸ್ ಇಳಿದು ಬರುತ್ತದೆ. ವೈರನ್ನು ಸಾಕೆಟ್‌ಗಿಂತ ಕೆಳಗೆ ಜೋತುಬಿಟ್ಟು ಮೇಲಕ್ಕೆ ಒಯ್ಯಿರಿ, ಹನಿ ಅಲ್ಲೇ ನೆಲಕ್ಕೆ ಬೀಳಲಿ.

ಸ್ವಂತ ಮನೆಯಾಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಇನ್ವರ್ಟರ್ ಲೈನ್ ಎಳೆಸುತ್ತಿದ್ದೆನೇನೋ. ಬಾಡಿಗೆ ಮನೆಯ ಗೋಡೆ ಕೊರೆಯೋಕಾಗುತ್ತಾ? ಚಾರ್ಜಿಂಗ್ ಪಂಪಿಗೆ ಕೊಟ್ಟ ದುಡ್ಡೇ ಕಡಿಮೆ. ಸೆಲ್ ಪಂಪನ್ನೂ ಬಿಸಾಡಿಲ್ಲ, ಅಂಗಡಿಯಿಂದ ಮೀನು ತರುವಾಗ ಬಕೆಟ್‌ಗೆ ಬೇಕಾಗುತ್ತದೆ.