ಅಟ್ಟದ ಶೆಫೀಲ್ಡ್, ಗುಜರಿಯ ಸೋಲಿಂಗೆನ್

ಒಂದು ಸಿಕ್ಕಿದ್ದು ಸಿರ್ಸಿಯ ಅಜ್ಜನ ಮನೆ ಅಟ್ಟದಲ್ಲಿ, ಇನ್ನೊಂದು ಕಾರವಾರದ ಗುಜರಿಯಲ್ಲಿ. ಎರಡೂ ಮಡಚುವ ಕ್ಷೌರದ ಕತ್ತಿ, ಎರಡಕ್ಕೂ ಮೈತುಂಬ ತುಕ್ಕು. ಅಟ್ಟದ್ದು ಇಂಗ್ಲೆಂಡಿನ ಶೆಫೀಲ್ಡ್ ಊರಿನದು, ಗುಜರಿಯದು ಜರ್ಮನಿಯ ಸೋಲಿಂಗೆನ್ ಊರಿನದು. ಹೋದ ಮಳೆಗಾಲ ಎರಡನ್ನೂ ಒಟ್ಟಿಗೇ ಹಿಡಿದು ಕೂತೆ. ಹೊರಗೆ ಹೋಗಲು ಮಳೆ ಬಿಡಬೇಕಲ್ವಾ?

ಶೆಫೀಲ್ಡ್ ಅಪ್ಪಟ ಬೆಣೆ. ಬೆನ್ನಿನಿಂದ ಬಾಯಿಯವರೆಗೆ ನೇರ ಇಳಿಜಾರು. ಸೋಲಿಂಗೆನ್‌ನ ಅಲಗಿನ ಎರಡೂ ಪಕ್ಕ, ಅಂದರೆ ಕೆನ್ನೆ, ಒಳಕ್ಕೆ ಗುಳಿಬಿದ್ದಿವೆ, ಬಾಯಿಯ ಹತ್ತಿರ ಕಾಗದದಷ್ಟು ತೆಳು. ಉಗುರಿನಿಂದ ಮೀಟಿದರೆ ಟಿಂಗ್ ಅನ್ನುತ್ತದೆ. ಶೆಫೀಲ್ಡ್ ಮೂಕ.

ಸೋಲಿಂಗೆನ್‌ನ ಹಿಡಿ ದಂತದ ಹಾಗೆ ಕಾಣುತ್ತಿತ್ತು. ಪಾಲಿಶ್ ಪೇಪರಿನಿಂದ ಉಜ್ಜಿದೆ ನೋಡಿ, ಘಮ್ಮಂತ ಕರ್ಪೂರ! ‘ಈ ಹೊತ್ತಿನಲ್ಲಿ ಎಂಥ ಆರತಿ ಮಾರಾಯ?’ ಎಂದು ಅಮ್ಮ ಒಳಗಿಂದಲೇ ಕೇಳಿದರು. ಅದು ದಂತವಲ್ಲ, ಸೆಲ್ಯುಲಾಯ್ಡ್. ಅದಕ್ಕೆ ಕರ್ಪೂರ ಬೆರೆಸಿರುತ್ತಾರೆ. ಬೆಂಕಿ ಹತ್ತಿರ ತರಬಾರದು. ಹಳತಾಗಿ ಕೆಟ್ಟರೆ ಅದು ಬಿಡುವ ಆವಿಗೇ ಅಲಗು ತುಕ್ಕು ಹಿಡಿಯುತ್ತದೆ. ಶೆಫೀಲ್ಡ್‌ನದು ಕೊಂಬಿನ ಹಿಡಿ. ಉಜ್ಜಿದರೆ ಕೂದಲು ಸುಟ್ಟ ವಾಸನೆ. ಹುಳ ಒಂದು ಮೂಲೆ ತಿಂದಿತ್ತು, ಅಷ್ಟೇ.

ಶೆಫೀಲ್ಡ್‌ನ ಮುದ್ರೆಯಲ್ಲಿ ‘ಇಂಗ್ಲೆಂಡ್’ ಎಂಬ ಪದ ಇಲ್ಲ. ಅಮೆರಿಕದ 1890ರ ಸುಂಕದ ಕಾಯ್ದೆ ಬಂದ ಮೇಲೆ ಅಲ್ಲಿಗೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಹಾಕಬೇಕಾಯಿತು. ಹಾಗಾದರೆ ಇದು ಅದಕ್ಕೂ ಹಳೆಯದು ಎಂದು ಕುಣಿದೆ. ಆಮೇಲೆ ಹೊಳೆಯಿತು, ಸಿರ್ಸಿಗೆ ಬಂದ ಕತ್ತಿಗೆ ಅಮೆರಿಕದ ಕಾಯ್ದೆ ಯಾಕೆ?

ತುಕ್ಕು ತೆಗೆದದ್ದು ಎಣ್ಣೆ ಹಚ್ಚಿ, ಕೈಯಲ್ಲೇ. ಡ್ರಿಲ್‌ಗೆ ಚಕ್ರ ಸಿಕ್ಕಿಸಿ ಹಿಂದೊಂದು ಕತ್ತಿಯ ತುದಿ ನೀಲಿ ಮಾಡಿಕೊಂಡಿದ್ದೆ. ಬಿಸಿಗೆ ಉಕ್ಕಿನ ಹದವೇ ಹೋಯಿತು. ಈಗ ಅದು ಪಾರ್ಸೆಲ್ ಬಿಚ್ಚಲಿಕ್ಕೆ.

ತುಕ್ಕಿನ ಕೆಳಗಿನ ಗುಳಿಯೇ ನಿಜವಾದ ತಲೆನೋವು. ಶೆಫೀಲ್ಡ್‌ನಲ್ಲಿ ಉಕ್ಕು ಧಾರಾಳ, ಉಜ್ಜಿ ಗುಳಿ ದಾಟಬಹುದು. ಸೋಲಿಂಗೆನ್‌ನಲ್ಲಿ ಬಾಯಿಯ ಪಕ್ಕ ಒಂದು ಗುಳಿ ಇದ್ದರೂ ಮಸೆಯುವಾಗ ಅಲ್ಲೇ ಚೂರು ಉದುರುತ್ತದೆ. ನನ್ನದರಲ್ಲಿ ಹಾಗೇ ಆಯಿತು. ಅರ್ಧ ಮಿಲಿಮೀಟರ್ ಬಾಯಿ ಸವೆಸಬೇಕಾಯಿತು.

ಮಸೆಯುವುದರಲ್ಲಿ ಮಾತ್ರ ಎಲ್ಲ ಉಲ್ಟಾ. ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗಬೇಕು, ಕೋನ ಕೊಡುವುದು ಬೆನ್ನೇ. ಟೊಳ್ಳು ಕೆನ್ನೆಯ ಸೋಲಿಂಗೆನ್ ಎರಡು ಗೆರೆಯಷ್ಟೇ ತಾಗುತ್ತದೆ. 1000ದ ಸಾಣೆಕಲ್ಲು (ಅಂಕಿ ಹೆಚ್ಚಿದಷ್ಟೂ ಕಲ್ಲು ನಯ), ಆಮೇಲೆ 4000, 8000, ಕೊನೆಗೆ ಚರ್ಮದ ಪಟ್ಟಿ, ಮುಗೀತು. ಬೆಣೆಯ ಕೆನ್ನೆ ಇಡಿಯಾಗಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಎರಡು ಸಂಜೆ ತಿಕ್ಕಿದರೂ ನೀರು ಕಪ್ಪಾಯಿತೇ ಹೊರತು ಬಾಯಿ ಬರಲಿಲ್ಲ. ಕಡೆಗೆ ಬೆನ್ನಿಗೆ ವಯರಿಗೆ ಸುತ್ತುವ ಟೇಪ್ ಒಂದು ಪದರ ಅಂಟಿಸಿದೆ. ಬೆನ್ನು ಚೂರು ಎದ್ದಿತು, ಬಾಯಿ ಕಲ್ಲಿಗೆ ಸಿಕ್ಕಿತು. ಅರ್ಧ ಗಂಟೆಯಲ್ಲಿ ಮುಂಗೈ ರೋಮ ಹಾರತೊಡಗಿತು.

ಕೆನ್ನೆಯ ಮೇಲೆ ಸೋಲಿಂಗೆನ್ ಸರ್ ಸರ್ ಎಂದು ಹಾಡುತ್ತದೆ, ಕೂದಲು ತುಂಡಾಗುವುದು ಕಿವಿಗೇ ಗೊತ್ತು. ಆದರೆ ಗದ್ದದ ಕೆಳಗೆ ನನ್ನ ಗಡ್ಡ ತೆಂಗಿನ ನಾರು. ಅಲ್ಲಿ ತೆಳು ಅಲಗು ತಡವರಿಸುತ್ತದೆ, ಶೆಫೀಲ್ಡ್ ತನ್ನ ತೂಕದಲ್ಲೇ ಇಳಿದುಹೋಗುತ್ತದೆ.

ಎರಡೂ ಕಾರ್ಬನ್ ಉಕ್ಕು, ಕಾರವಾರದ ಉಪ್ಪುಗಾಳಿಗೆ ಒಂದೇ ರಾತ್ರಿ ಸಾಕು. ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ, ಕೀಲು ಜಿಗುಟಾಯಿತು. ಹೊಲಿಗೆ ಮಿಷನ್ ಎಣ್ಣೆಯೇ ವಾಸಿ. ಚರ್ಮದ ಚೀಲದಲ್ಲಂತೂ ಇಡಬೇಡಿ, ಪಸೆ ಹಿಡಿದಿಟ್ಟುಕೊಳ್ಳುತ್ತದೆ.

ಹೊಸಬರು ಕೊಳ್ಳುವುದಾದರೆ ಬಾಯಿಯ ಹತ್ತಿರ ತುಕ್ಕು ತಿಂದ ಗುಳಿ ಇಲ್ಲದ ಸೋಲಿಂಗೆನ್ ನೋಡಲಿ. ನನ್ನ ಕೈ ಮಾತ್ರ ಬೆಳಿಗ್ಗೆ ಎದ್ದರೆ ಬೆಣೆಗೇ ಹೋಗುತ್ತದೆ.